ಹಳಿಗೆ ಎದುರಾದ ಮದ್ದಿನ ಮನೆ

ರೈಲೂ ಬೇಕು, ಚರಿತ್ರೆಯೂ ಬೇಕು. ಎರಡೂ ಒಂದೇ ಜಾಗ ಕೇಳಿದರೆ? ಶ್ರೀರಂಗಪಟ್ಟಣದಲ್ಲಿ ಸಾವಿರ ಟನ್ ತೂಕದ ಹಳೆಯ ಕಟ್ಟಡವೊಂದು ಇಡಿಯಾಗಿ ಜಾಗ ಬದಲಿಸಿದ ಕಥೆ, ಅದರ ಹಿಂದಿನ ವಿಜ್ಞಾನ.

ಬೆಂಗಳೂರು-ಮೈಸೂರು ನಡುವೆ ಹಿಂದೆಲ್ಲ ರೈಲಿನಲ್ಲಿ ಓಡಾಡಿದವರಿಗೆ ‘ಕ್ರಾಸಿಂಗ್’ ಎಂಬ ಪದ ಚೆನ್ನಾಗಿ ಗೊತ್ತು. ಓಡುತ್ತಿದ್ದ ಗಾಡಿ ಯಾವುದೋ ಸಣ್ಣ ನಿಲ್ದಾಣದಲ್ಲಿ ನಿಂತುಬಿಡುತ್ತಿತ್ತು. ಐದು ನಿಮಿಷ, ಹತ್ತು ನಿಮಿಷ, ಕಾಲು ಗಂಟೆ. ಮದ್ದೂರು ವಡೆ ಮಾರುವವರು ಬೋಗಿಯಲ್ಲಿ ಎರಡು ಸುತ್ತು ಹಾಕಿದರೂ ಗಾಡಿ ಮಿಸುಕುತ್ತಿರಲಿಲ್ಲ. ‘ಯಾಕೆ ನಿಂತಿದೆ?’ ಎಂದು ಮಕ್ಕಳು ಕೇಳಿದರೆ ‘ಕ್ರಾಸಿಂಗ್ ಇದೆ’ ಎಂದು ಹಿರಿಯರು ಹೇಳುತ್ತಿದ್ದರು. ಕೊನೆಗೆ ಎದುರಿನಿಂದ ಇನ್ನೊಂದು ಗಾಡಿ ಬಂದು ಪಕ್ಕದ ಹಳಿಯಲ್ಲಿ ಹಾದುಹೋದ ಮೇಲೆ ಇದಕ್ಕೆ ದಾರಿ ಸಿಗುತ್ತಿತ್ತು.

ಒಂಟಿ ಹಳಿಯ ಮಾರ್ಗದ ಕಷ್ಟ ಇದು. ಎದುರುಬದುರಾಗಿ ಬರುವ ಎರಡು ಗಾಡಿಗಳು ನಿಲ್ದಾಣದಲ್ಲಿ ಮಾತ್ರ ಒಂದನ್ನೊಂದು ದಾಟಬಲ್ಲವು. ಒಂದು ತಡವಾದರೆ ಇನ್ನೊಂದೂ ತಡ. ಅದಕ್ಕೆ ಪರಿಹಾರ ಜೋಡಿ ಹಳಿ. ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು. ಬೆಂಗಳೂರು-ಮೈಸೂರು ಮಾರ್ಗದಲ್ಲಿ ಜೋಡಿ ಹಳಿ ಹಾಕುವ ಕೆಲಸ ತುಣುಕು ತುಣುಕಾಗಿ ನಡೆಯುತ್ತ ಬಂತು. ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪವಾದ ಶ್ರೀರಂಗಪಟ್ಟಣದಲ್ಲಿ ಮಾತ್ರ ಅದು ಮುಂದಕ್ಕೆ ಹೋಗದೆ ನಿಂತಿತು. ಹೊಸ ಹಳಿ ಹಾಯಬೇಕಿದ್ದ ದಾರಿಯಲ್ಲಿ, ರೈಲು ನಿಲ್ದಾಣದ ಹತ್ತಿರವೇ, ಟಿಪ್ಪು ಸುಲ್ತಾನನ ಕಾಲದ ಮದ್ದಿನ ಮನೆಯೊಂದು ಅಡ್ಡ ನಿಂತಿತ್ತು.

ಅಡ್ಡ ನಿಂತಿತ್ತು ಎಂದು ಸುಲಭವಾಗಿ ಹೇಳುತ್ತೇವೆ. ನಿಜ ನೋಡಿದರೆ ಮೊದಲು ಅಲ್ಲಿದ್ದದ್ದು ಮದ್ದಿನ ಮನೆಯೇ. ಅಡ್ಡ ಬಂದದ್ದು ರೈಲು.

ಕೋಟೆಯೊಳಗೆ ಬಂದ ರೈಲು

ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ಕೈವಶವಾದದ್ದು 1799ರ ಮೇ 4ರಂದು. ಅದಾದ ಎಂಟು ದಶಕಗಳ ಬಳಿಕ ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ರೈಲು ಬಂತು. 1876-78ರ ಭೀಕರ ಬರಗಾಲದಲ್ಲಿ, ಹಳಬರು ‘ಧಾತು ಈಶ್ವರ ಬರ’ ಎಂದು ಕರೆಯುತ್ತಿದ್ದ ಆ ದಿನಗಳಲ್ಲಿ, ಹಸಿದವರಿಗೆ ಕೂಲಿ ಕೊಡುವ ಬರಪರಿಹಾರ ಕಾಮಗಾರಿಯಾಗಿ ಈ ಮಾರ್ಗದ ಮಣ್ಣಿನ ಕೆಲಸ ನಡೆಯಿತು. 1882ರಲ್ಲಿ ಗಾಡಿ ಮೈಸೂರು ಮುಟ್ಟಿತು. ಮಾರ್ಗ ಕೋಟೆಯ ಸುತ್ತ ಬಳಸಿ ಹೋಗಲಿಲ್ಲ. ಕೋಟೆಯನ್ನು ಸೀಳಿಕೊಂಡೇ ಹೋಯಿತು. ನಿಲ್ದಾಣವೂ ಕೋಟೆಯ ಒಳಗೇ ಇದೆ. ಆಗಿನವರ ಕಣ್ಣಿಗೆ ಕೋಟೆ ಎಂದರೆ ಕೆಲಸ ಮುಗಿದ ಹಳೆಯ ಗೋಡೆ, ಅಷ್ಟೆ.

ಮದ್ದಿನ ಮನೆಗಳು ಕೋಟೆಯ ಅತ್ಯಂತ ಬುದ್ಧಿವಂತಿಕೆಯ ಕಟ್ಟಡಗಳು. ಸಿಡಿಮದ್ದಿಗೆ ಎರಡು ಶತ್ರುಗಳು: ತೇವ ಮತ್ತು ಬೆಂಕಿ. ಅದಕ್ಕಾಗಿ ಇವನ್ನು ಅರ್ಧ ನೆಲದೊಳಗೆ ಇಳಿಸಿ, ದಪ್ಪ ಇಟ್ಟಿಗೆ ಗೋಡೆ ಎಬ್ಬಿಸಿ, ಮೇಲೆ ಕಮಾನು ಚಾವಣಿ ಕಟ್ಟಿ, ಸುಣ್ಣದ ಗಾರೆ ಬಳಿದಿದ್ದಾರೆ. ಒಳಗೆ ತಂಪು ಇರುತ್ತದೆ, ಹೊರಗಿನಿಂದ ಗುಂಡು ಬಡಿಯುವುದು ಕಷ್ಟ. ಇಂಥವು ಶ್ರೀರಂಗಪಟ್ಟಣದಲ್ಲಿ ಹಲವು ಉಳಿದಿವೆ. ಉಕ್ಕಿನ ಬೆಂಬಲವಿಲ್ಲದೆ, ಸಿಮೆಂಟಿಲ್ಲದೆ, ಬರೀ ಇಟ್ಟಿಗೆ ಮತ್ತು ಸುಣ್ಣದಿಂದ ಕಟ್ಟಿದ ಇವು ಇನ್ನೂರು ಮಳೆಗಾಲಗಳನ್ನು ದಾಟಿ ನಿಂತಿವೆ.

ಹಳಿಯನ್ನೇ ಬಾಗಿಸಬಾರದಿತ್ತೇ?

ಯಾರಿಗಾದರೂ ಮೊದಲು ಹೊಳೆಯುವ ಪ್ರಶ್ನೆ ಇದು. ರಸ್ತೆ ಮರವನ್ನು ಬಳಸಿ ಹೋಗುವುದಿಲ್ಲವೇ? ಹಾಗೆಯೇ ಹಳಿಯೂ ನಾಲ್ಕು ಹೆಜ್ಜೆ ಆಚೆ ಸರಿದು ಹೋಗಲಿ ಎಂದರೆ ಆಗದೆ?

ಆಗುವುದು ಕಷ್ಟ. ಕಾರಣ ಹೈಸ್ಕೂಲಿನ ಭೌತಶಾಸ್ತ್ರದಲ್ಲೇ ಇದೆ. ವೃತ್ತಾಕಾರದ ದಾರಿಯಲ್ಲಿ ಚಲಿಸುವ ವಸ್ತುವನ್ನು ಒಳಕ್ಕೆ ಎಳೆದುಕೊಂಡಿರಲು ಬೇಕಾಗುವ ಬಲ ಅದರ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ, ತಿರುವಿನ ತ್ರಿಜ್ಯಕ್ಕೆ ವಿಲೋಮವಾಗಿರುತ್ತದೆ. ವೇಗ ಎರಡರಷ್ಟಾದರೆ ತಿರುವಿನ ತ್ರಿಜ್ಯ ನಾಲ್ಕರಷ್ಟು ಆಗಬೇಕು. ತಿರುವಿನಲ್ಲಿ ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ತುಸು ಎತ್ತರಿಸಿ ಈ ಬಲವನ್ನು ನಿಭಾಯಿಸುತ್ತಾರೆ. ಸೈಕಲ್ ಸವಾರ ತಿರುವಿನಲ್ಲಿ ಒಳಕ್ಕೆ ವಾಲುವ ಹಾಗೆ. ಆದರೆ ಹಾಗೆ ಎತ್ತರಿಸುವುದಕ್ಕೂ ಮಿತಿಯಿದೆ. ತೀರಾ ಎತ್ತರಿಸಿದರೆ ನಿಧಾನವಾಗಿ ಬರುವ ಗೂಡ್ಸ್ ಗಾಡಿಯ ಭಾರವೆಲ್ಲ ಒಳಗಿನ ಹಳಿಯ ಮೇಲೆ ಬೀಳುತ್ತದೆ. ಲೆಕ್ಕ ಹಾಕಿ ನೋಡಿದರೆ ಬ್ರಾಡ್ ಗೇಜಿನಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುವ ಗಾಡಿಗೆ ಅರ್ಧ ಕಿ.ಮೀ.ಗಿಂತ ದೊಡ್ಡ ತ್ರಿಜ್ಯದ ತಿರುವು ಬೇಕು. ಹಾವಿನಂತೆ ಸೊಟ್ಟಗೆ ಹೊರಳಿ ಮತ್ತೆ ನೇರವಾಗುವುದಕ್ಕೆ ಇನ್ನೂ ಉದ್ದ ಬೇಕು.

ಶ್ರೀರಂಗಪಟ್ಟಣದಲ್ಲಿ ಆ ಉದ್ದವೇ ಇಲ್ಲ. ದ್ವೀಪದ ಒಂದು ಕಡೆ ಕಾವೇರಿಯ ಒಂದು ಕವಲು, ಅದಕ್ಕೊಂದು ಸೇತುವೆ. ಇನ್ನೊಂದು ಕಡೆ ಇನ್ನೊಂದು ಕವಲು, ಅಲ್ಲೊಂದು ಸೇತುವೆ. ನಡುವೆ ನಿಲ್ದಾಣ. ಎರಡನೆಯ ಹಳಿ ಮೊದಲನೆಯದರ ಪಕ್ಕದಲ್ಲೇ, ಸುಮಾರು ಐದು ಮೀಟರ್ ಅಂತರದಲ್ಲಿ ಸಾಗಬೇಕು. 1882ರಲ್ಲಿ ಎಳೆದ ಗೆರೆಯೇ ಇಂದಿನ ಎಂಜಿನಿಯರರ ಕೈಯನ್ನೂ ಕಟ್ಟಿಹಾಕಿತ್ತು.

ಹಾಗಾದರೆ ಉಳಿದ ದಾರಿಗಳು ಎರಡು. ಮದ್ದಿನ ಮನೆಯನ್ನು ಕೆಡವುವುದು, ಇಲ್ಲವೇ ಅದನ್ನು ಎತ್ತಿ ಬೇರೆಡೆ ಇಡುವುದು.

ಕೆಡವಿದ ಊರಿನ ಪಾಠ

ಕೆಡವುವ ದಾರಿಯನ್ನು ರೈಲ್ವೆ ಎಂಜಿನಿಯರುಗಳು ಒಮ್ಮೆ ತುಳಿದಿದ್ದಾರೆ. ಅದರ ನಷ್ಟವನ್ನು ಜಗತ್ತು ಇಂದಿಗೂ ತುಂಬಿಕೊಂಡಿಲ್ಲ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಲಾಹೋರಿನಿಂದ ಮುಲ್ತಾನಿಗೆ ರೈಲುಮಾರ್ಗ ಹಾಕುತ್ತಿದ್ದರು. ಹಳಿಯ ಕೆಳಗೆ ಜಲ್ಲಿ ಹಾಸಬೇಕು. ಗಾಡಿಯ ಭಾರವನ್ನು ನೆಲಕ್ಕೆ ಹಂಚುವುದು, ಮಳೆನೀರು ನಿಲ್ಲದಂತೆ ನೋಡಿಕೊಳ್ಳುವುದು, ಅದುರನ್ನು ತಗ್ಗಿಸುವುದು, ಈ ಮೂರೂ ಜಲ್ಲಿಯ ಕೆಲಸ. ಪಂಜಾಬಿನ ಆ ಬಯಲಿನಲ್ಲಿ ಬರೀ ಮೆಕ್ಕಲು ಮಣ್ಣು, ಕಲ್ಲು ಅಪರೂಪ. ಆದರೆ ಹರಪ್ಪ ಎಂಬ ಹಳ್ಳಿಯ ಪಕ್ಕದ ದಿಬ್ಬಗಳ ತುಂಬ ಚೆನ್ನಾಗಿ ಸುಟ್ಟ ಇಟ್ಟಿಗೆಗಳಿದ್ದವು. ಗುತ್ತಿಗೆದಾರರಿಗೆ ಇನ್ನೇನು ಬೇಕು? ಅಗೆದು ಒಯ್ದರು, ಒಡೆದು ಹಳಿಯ ಕೆಳಗೆ ಹಾಸಿದರು.

ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ 1875ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ, ಸುಮಾರು ನೂರು ಮೈಲಿ ಉದ್ದದ ಮಾರ್ಗಕ್ಕೆ ಸಾಲುವಷ್ಟು ಇಟ್ಟಿಗೆ ಅಲ್ಲಿಂದ ಹೋಗಿದೆ ಎಂಬರ್ಥದಲ್ಲಿ ಬರೆದರು. ಅಲ್ಲಿ ಸಿಕ್ಕ ಮುದ್ರೆಯೊಂದರ ಚಿತ್ರವನ್ನೂ ಕೊಟ್ಟರು. ಆದರೆ ಅದು ಎಷ್ಟು ಹಳೆಯದೆಂದು ಅವರಿಗೂ ಹೊಳೆಯಲಿಲ್ಲ. 1921ರಲ್ಲಿ ದಯಾರಾಂ ಸಾಹನಿ ಅಲ್ಲಿ ಉತ್ಖನನ ಆರಂಭಿಸಿದರು. 1924ರಲ್ಲಿ ಜಾನ್ ಮಾರ್ಷಲ್ ಸಿಂಧೂ ನಾಗರಿಕತೆಯ ಶೋಧವನ್ನು ಜಗತ್ತಿಗೆ ಸಾರಿದರು. ಆಗ ತಿಳಿಯಿತು, ರೈಲುಗಳು ಉರುಳಾಡುತ್ತಿದ್ದದ್ದು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ನಗರವೊಂದರ ಗೋಡೆಗಳ ಮೇಲೆ ಎಂದು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಹರಪ್ಪವನ್ನು ಹಾಳು ಮಾಡಿದವರು ದುಷ್ಟರೇನಲ್ಲ. ಅವರಿಗೆ ಅದರ ಬೆಲೆ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ವ್ಯವಧಾನವೂ ಇರಲಿಲ್ಲ. ಮೊದಲು ಒಡೆದು ಆಮೇಲೆ ಓದಲು ಹೊರಟರೆ ಪುಸ್ತಕದ ಹಾಳೆಗಳೇ ಇರುವುದಿಲ್ಲ.

ಬಿಚ್ಚಿ ಕಟ್ಟಲು ಯಾಕೆ ಆಗದು?

ಕೆಡವುವ ದಾರಿ ಬೇಡವೆಂದಾಯಿತು. ಸಾಗಿಸುವುದಾದರೆ ಹೇಗೆ? ಶ್ರೀರಂಗಪಟ್ಟಣಕ್ಕೆ ಹತ್ತಿರದಲ್ಲೇ ಒಂದು ಉದಾಹರಣೆಯಿದೆ. ಕೃಷ್ಣರಾಜ ಸಾಗರದ ಹಿನ್ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲ ಸ್ವಾಮಿ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಇಂಥ ಕೆಲಸದಲ್ಲಿ ಪ್ರತಿ ಕಲ್ಲಿಗೂ ಒಂದು ಸಂಖ್ಯೆ ಬರೆದು, ನಕ್ಷೆಯಲ್ಲಿ ಅದರ ಸ್ಥಾನ ಗುರುತಿಸಿ, ಅದೇ ಕ್ರಮದಲ್ಲಿ ಜೋಡಿಸುತ್ತಾರೆ. ಕಲ್ಲಿನ ದೇವಾಲಯದಲ್ಲಿ ಅದು ಸಾಧ್ಯ. ಏಕೆಂದರೆ ಅಲ್ಲಿ ಕಲ್ಲಿನ ಮೇಲೆ ಕಲ್ಲು ತನ್ನ ಭಾರದಿಂದ, ಕುಳಿ-ಕೀಲುಗಳ ಹೊಂದಿಕೆಯಿಂದ ಕೂತಿರುತ್ತದೆ.

ಮದ್ದಿನ ಮನೆ ಹಾಗಲ್ಲ. ಅದು ಇಟ್ಟಿಗೆ ಮತ್ತು ಸುಣ್ಣದ ಗಾರೆ ಸೇರಿ ಒಂದೇ ಗಟ್ಟಿಯಾದ ಕಟ್ಟಡ. ಬಿಚ್ಚಲು ಹೋದರೆ ಇಟ್ಟಿಗೆ ಪುಡಿಯಾಗುತ್ತದೆ, ಗಾರೆ ಮಣ್ಣಾಗುತ್ತದೆ. ಮತ್ತೆ ಕಟ್ಟಿದರೆ ಅದು ಟಿಪ್ಪುವಿನ ಕಾಲದ ಮದ್ದಿನ ಮನೆ ಆಗುವುದಿಲ್ಲ, ಅದರ ಮಾದರಿ ಆಗುತ್ತದೆ. ಆದ್ದರಿಂದ ಇದನ್ನು ಸಾಗಿಸುವುದಾದರೆ ಇಡಿಯಾಗಿಯೇ ಸಾಗಿಸಬೇಕು.

ಇಡಿಯಾಗಿ ಎಂದರೆ ಸುಮಾರು ಸಾವಿರ ಟನ್. ಇಂದಿನ ದೊಡ್ಡ ಎಲೆಕ್ಟ್ರಿಕ್ ರೈಲು ಎಂಜಿನ್ ಒಂದರ ತೂಕ ಸುಮಾರು 120 ಟನ್. ಅಂಥ ಎಂಟು ಎಂಜಿನ್‌ಗಳನ್ನು ಒಟ್ಟಿಗೆ ಎತ್ತಿದ ಹಾಗೆ. ಎಂಜಿನ್ ಉಕ್ಕಿನದು, ಸ್ವಲ್ಪ ಅಲುಗಿದರೂ ಏನೂ ಆಗದು. ಇದು ಎರಡು ಶತಮಾನಗಳಷ್ಟು ಹಳೆಯ ಇಟ್ಟಿಗೆ.

ಚಾಕ್‌ಪೀಸಿನ ಪ್ರಯೋಗ

ಅಪಾಯ ಎಲ್ಲಿದೆ ಎಂದು ತಿಳಿಯಲು ಒಂದು ಚಾಕ್‌ಪೀಸು ಸಾಕು. ಅದರ ಎರಡು ತುದಿಗಳನ್ನು ಬೆರಳುಗಳ ನಡುವೆ ಇಟ್ಟು ಉದ್ದಕ್ಕೆ ಅದುಮಿ ನೋಡಿ. ಬೇಗನೆ ಮುರಿಯದು. ಈಗ ಅದನ್ನೇ ಬಾಗಿಸಿ ನೋಡಿ. ಚಟ್ಟನೆ ಎರಡು ತುಂಡಾಗುತ್ತದೆ. ಬಾಗಿಸಿದಾಗ ಒಂದು ಬದಿ ಅದುಮಿಕೊಳ್ಳುತ್ತದೆ, ಎದುರು ಬದಿ ಹಿಗ್ಗುತ್ತದೆ. ಹಿಗ್ಗುವ ಬದಿಯಲ್ಲಿ ಬಿರುಕು ಹುಟ್ಟುತ್ತದೆ. ಅದುಮುವ ಬಲವನ್ನು ಚಾಕ್ ತಡೆಯಬಲ್ಲದು, ಎಳೆಯುವ ಬಲವನ್ನು ತಡೆಯಲಾರದು.

ಇಟ್ಟಿಗೆ-ಸುಣ್ಣದ ಕಟ್ಟಡದ ಸ್ವಭಾವವೂ ಇದೇ. ಅದಕ್ಕೇ ಹಳಬರು ಚಾವಣಿಗೆ ಕಮಾನು ಕಟ್ಟುತ್ತಿದ್ದರು. ಕಮಾನಿನಲ್ಲಿ ಪ್ರತಿ ಇಟ್ಟಿಗೆಯೂ ಪಕ್ಕದ ಇಟ್ಟಿಗೆಯನ್ನು ಅದುಮುತ್ತದೆ, ಯಾವುದೂ ಎಳೆಯುವುದಿಲ್ಲ. ಈ ಕಟ್ಟಡವನ್ನು ಎತ್ತುವಾಗ ಒಂದು ಮೂಲೆ ಇನ್ನೊಂದಕ್ಕಿಂತ ತುಸು ಬೇಗ ಮೇಲೆ ಬಂದರೂ ಇಡೀ ಕಟ್ಟಡ ಚಾಕ್‌ಪೀಸಿನಂತೆ ಬಾಗುತ್ತದೆ. ಎಲ್ಲ ಕಡೆಯೂ ಒಂದೇ ಸಮ ಎತ್ತಬೇಕು.

ಮೊದಲು ಗೋಡೆಗಳ ಸುತ್ತ ಮಣ್ಣು ಬಗೆದು ಬುಡ ಬಿಡಿಸಿಕೊಳ್ಳಬೇಕು. ಗೋಡೆಯ ಬುಡದಲ್ಲಿ ಒಂದೊಂದೇ ತೂತು ಕೊರೆದು ಅದರೊಳಗೆ ಉಕ್ಕಿನ ತೊಲೆ ತೂರಿಸಬೇಕು. ಒಂದು ತೊಲೆ ಗಟ್ಟಿಯಾಗಿ ಕೂತು ಭಾರ ಹೊತ್ತ ಮೇಲೆಯೇ ಮುಂದಿನ ತೂತು. ಅಡ್ಡ ತೊಲೆಗಳು, ಅವುಗಳ ಕೆಳಗೆ ಉದ್ದ ತೊಲೆಗಳು, ಹೀಗೆ ಕಟ್ಟಡದ ಕೆಳಗೆ ಒಂದು ಉಕ್ಕಿನ ತಟ್ಟೆಯೇ ಸಿದ್ಧವಾಗುತ್ತದೆ. ಇನ್ನು ಆ ತಟ್ಟೆಯನ್ನು ಎತ್ತಿದರಾಯಿತು. ಬಾಗುವ ಬಲವನ್ನೆಲ್ಲ ಉಕ್ಕು ತಿನ್ನುತ್ತದೆ, ಇಟ್ಟಿಗೆಗೆ ಅದರ ಬಿಸಿ ತಟ್ಟುವುದಿಲ್ಲ.

ಎಲೆಗೊಂದು ಸೌಟು

ಎತ್ತುವುದು ಹೈಡ್ರಾಲಿಕ್ ಜಾಕ್‌ಗಳಿಂದ. ಪಾಸ್ಕಲನ ನಿಯಮ ಓದಿದ ಮಕ್ಕಳಿಗೆ ಇದು ಹೊಸತಲ್ಲ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಸರ್ವಿಸ್ ಸ್ಟೇಷನ್ನಿನಲ್ಲಿ ಕಾರನ್ನು ಎತ್ತುವುದು ಇದೇ ಉಪಾಯದಿಂದ.

ಆದರೆ ಇಲ್ಲೊಂದು ತೊಡಕಿದೆ. ಹತ್ತಾರು ಜಾಕ್‌ಗಳನ್ನು ಒಂದೇ ಕೊಳವೆಗೆ ಜೋಡಿಸಿ ಎಣ್ಣೆ ತುಂಬಿದರೆ ಏನಾಗುತ್ತದೆ? ಎಲ್ಲ ಜಾಕ್‌ಗಳಲ್ಲೂ ಒತ್ತಡ ಒಂದೇ. ಎಲ್ಲಿ ಭಾರ ಕಡಿಮೆಯೋ ಆ ಜಾಕ್ ಮೊದಲು ಏಳುತ್ತದೆ, ಭಾರವಿದ್ದಲ್ಲಿ ಏಳುವುದೇ ಇಲ್ಲ. ಸೂಜಿಯಿಲ್ಲದ ಎರಡು ಸಿರಿಂಜುಗಳನ್ನು ಒಂದು ಸಣ್ಣ ಕೊಳವೆಯಿಂದ ಸೇರಿಸಿ ನೀರು ತುಂಬಿ, ಒಂದರ ದಂಡದ ಮೇಲೆ ಭಾರದ ಪುಸ್ತಕ, ಇನ್ನೊಂದರ ಮೇಲೆ ಹಗುರ ಪುಸ್ತಕ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಭಾರದ್ದು ಕೆಳಗಿಳಿಯುತ್ತದೆ, ಹಗುರದ್ದು ಮೇಲೇಳುತ್ತದೆ. ಮದ್ದಿನ ಮನೆಗೆ ಹೀಗಾದರೆ ಕಥೆ ಮುಗಿಯಿತು.

ಅದಕ್ಕಾಗಿ ಬಳಸುವುದು ಏಕೀಕೃತ ಜಾಕಿಂಗ್ ಯಂತ್ರ. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವವರು ಎಲೆಗೊಂದು ಸೌಟು ಸಾರು ಹಾಕುತ್ತ ಹೋಗುತ್ತಾರೆ. ಕೂತವರು ದಪ್ಪಗಿರಲಿ, ತೆಳ್ಳಗಿರಲಿ, ಸೌಟು ಒಂದೇ. ಈ ಯಂತ್ರವೂ ಹಾಗೆ. ಪ್ರತಿ ಜಾಕ್‌ಗೂ ಪ್ರತ್ಯೇಕ ಕೊಳವೆ, ಪ್ರತಿ ಜಾಕ್‌ಗೂ ಒಂದೇ ಅಳತೆಯ ಎಣ್ಣೆ. ಭಾರ ಹೆಚ್ಚಿರುವ ಕಡೆ ಒತ್ತಡ ತಾನಾಗಿ ಏರುತ್ತದೆ. ಎಣ್ಣೆ ಅಷ್ಟೇ ಹೋದ್ದರಿಂದ ಎಲ್ಲ ಜಾಕ್‌ಗಳೂ ಅಷ್ಟೇ ಎತ್ತರ ಏಳುತ್ತವೆ. ಸಮ ಒತ್ತಡದ ಬದಲು ಸಮ ಪ್ರಮಾಣ. ವ್ಯತ್ಯಾಸ ಇಷ್ಟೇ, ಕಟ್ಟಡ ಉಳಿಯುವುದು ಅದರಿಂದಲೇ.

ಎತ್ತಿದ ಮೇಲೆ ಸಾಗಿಸಬೇಕು. ಆಗ ಇನ್ನೊಂದು ತೊಡಕು. ದಾರಿ ಎಷ್ಟೇ ಸಮ ಮಾಡಿದರೂ ಅಲ್ಲಲ್ಲಿ ಕೂದಲೆಳೆಯಷ್ಟು ಉಬ್ಬುತಗ್ಗು ಇದ್ದೇ ಇರುತ್ತದೆ. ಶಾಲೆಯ ನಾಲ್ಕು ಕಾಲಿನ ಬೆಂಚು ಒಂದು ಕಾಲಿಗೆ ಮಡಿಸಿದ ಕಾಗದ ಕೊಡದಿದ್ದರೆ ಕುಟುಕುಟು ಅಲುಗುತ್ತದೆ. ಮೂರು ಕಾಲಿನ ಸ್ಟೂಲು ಎಲ್ಲಿಟ್ಟರೂ ಅಲುಗುವುದಿಲ್ಲ. ನಮ್ಮ ಅಜ್ಜಿಯರ ಒಲೆಗೆ ಮೂರೇ ಕಲ್ಲು ಏಕೆ? ಮೂರು ಬಿಂದುಗಳ ಮೂಲಕ ಒಂದೇ ಒಂದು ಸಮತಲ ಹಾಯುತ್ತದೆ. ಪಾತ್ರೆ ಒಲೆಯ ಮೇಲೆ ಓಲಾಡುವುದಿಲ್ಲ. ಕಟ್ಟಡ ಸಾಗಿಸುವವರ ರೂಢಿಯೂ ಇದೇ. ಇರುವ ಜಾಕ್‌ಗಳನ್ನೆಲ್ಲ ಮೂರು ಗುಂಪು ಮಾಡಿ, ಒಂದೊಂದು ಗುಂಪಿನೊಳಗೆ ಎಣ್ಣೆ ಒಂದರಿಂದ ಇನ್ನೊಂದಕ್ಕೆ ಹರಿಯಲು ಬಿಡುತ್ತಾರೆ. ಒಂದು ಕಡೆ ನೆಲ ಉಬ್ಬಿದ್ದರೆ ಆ ಜಾಕ್ ಇಳಿಯುತ್ತದೆ, ಜೊತೆಯದು ಏರುತ್ತದೆ. ಮೇಲಿನ ಕಟ್ಟಡಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಎತ್ತುವಾಗ ಬೇಡವಾಗಿದ್ದ ಸಮ ಒತ್ತಡದ ಗುಣವೇ ಸಾಗಿಸುವಾಗ ಕೈಹಿಡಿಯುತ್ತದೆ.

ಅಮೆರಿಕದ ವುಲ್ಫ್ ಕಂಪನಿ ಮತ್ತು ದೆಹಲಿಯ ಪಿಎಸ್ಎಲ್ ಎಂಜಿನಿಯರಿಂಗ್ ಕಂಪನಿ ಸೇರಿ ಈ ಕೆಲಸ ವಹಿಸಿಕೊಂಡವು. 2017ರ ಮಾರ್ಚ್ ತಿಂಗಳ ಹೊತ್ತಿಗೆ ಮದ್ದಿನ ಮನೆ ತಾನು ಹುಟ್ಟಿದ ಜಾಗ ಬಿಟ್ಟು ನೂರು ಮೀಟರಿಗೂ ಹೆಚ್ಚು ದೂರ ಸಾಗಿ ಹೊಸ ತಳಪಾಯದ ಮೇಲೆ ಕೂತಿತು. ಖರ್ಚು ಹದಿಮೂರು ಕೋಟಿ ರೂಪಾಯಿಗೂ ಹೆಚ್ಚು. ಖಾಲಿಯಾದ ಜಾಗದಲ್ಲಿ ಎರಡನೆಯ ಹಳಿ ಬಂತು. ಬೆಂಗಳೂರು-ಮೈಸೂರು ಮಾರ್ಗ ಜೋಡಿ ಹಳಿಯದಾಯಿತು.

ಹಳಿಯೇ ಕಾಪಾಡಿದ ಸ್ಮಾರಕಗಳು

ಹರಪ್ಪದಲ್ಲಿ ಹಳಿ ಸ್ಮಾರಕವನ್ನು ನುಂಗಿತು. ಆದರೆ ಅದೇ ಹಳಿ ಸ್ಮಾರಕವನ್ನು ಹೊತ್ತು ಕಾಪಾಡಿದ್ದೂ ಉಂಟು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಘರ್ಷಣೆ ಅತಿ ಕಡಿಮೆ. ರೈಲು ಅಷ್ಟು ಭಾರವನ್ನು ಅಷ್ಟು ಸುಲಭವಾಗಿ ಎಳೆಯುವ ಗುಟ್ಟೇ ಅದು.

ಈಜಿಪ್ಟಿನಲ್ಲಿ ಅಸ್ವಾನ್ ಮೇಲಣೆಕಟ್ಟು ಕಟ್ಟುವಾಗ ನೈಲ್ ದಡದ ದೇವಾಲಯಗಳು ಮುಳುಗುವ ಪ್ರಸಂಗ ಬಂತು. ಅಬು ಸಿಂಬೆಲ್ ದೇವಾಲಯವನ್ನು ತುಂಡು ತುಂಡಾಗಿ ಕತ್ತರಿಸಿ ಮೇಲೆ ಸಾಗಿಸಿದ್ದು ಎಲ್ಲರೂ ಕೇಳಿರುವ ಕಥೆ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ದೇವಾಲಯ ಅಮಾದಾ. ಮೂರು ಸಾವಿರದ ನಾನೂರು ವರ್ಷಗಳಷ್ಟು ಹಳೆಯದು. ಅದರ ಗೋಡೆಗಳಲ್ಲಿ ಬಣ್ಣದ ನವುರಾದ ಉಬ್ಬುಚಿತ್ರಗಳಿವೆ. ಗರಗಸ ಹಾಕಿದರೆ ಬಣ್ಣ ಉದುರಿಹೋಗುತ್ತದೆ. ಫ್ರೆಂಚ್ ಎಂಜಿನಿಯರುಗಳು ಆ ದೇವಾಲಯದ ಚಿತ್ರಗಳಿರುವ ಭಾಗವನ್ನು ಕಾಂಕ್ರೀಟಿನ ಆಸರೆಯ ಮೇಲೆ ಕೂರಿಸಿ, ಹಳಿ ಹಾಸಿ, ಸುಮಾರು ಎರಡೂವರೆ ಕಿ.ಮೀ. ದೂರದ ಎತ್ತರದ ಜಾಗಕ್ಕೆ ಇಡಿಯಾಗಿ ಸಾಗಿಸಿದರು.

1975ರಲ್ಲಿ ಆಗಿನ ಚೆಕೊಸ್ಲೊವಾಕಿಯಾದ ಮೋಸ್ಟ್ ಎಂಬ ಊರಿನಲ್ಲಿ ಇನ್ನೂ ದೊಡ್ಡ ಸಾಹಸ ನಡೆಯಿತು. ಊರಿನ ಕೆಳಗೆ ಕಲ್ಲಿದ್ದಲು ಇತ್ತು. ಅದಕ್ಕಾಗಿ ಹಳೆಯ ಊರನ್ನೇ ಕೆಡವಿದರು. ಹದಿನಾರನೆಯ ಶತಮಾನದ ಚರ್ಚನ್ನು ಮಾತ್ರ ಉಕ್ಕಿನ ಚೌಕಟ್ಟಿನಲ್ಲಿ ಬಿಗಿದು, 53 ಗಾಲಿಬಂಡಿಗಳ ಮೇಲೆ ಕೂರಿಸಿ, ಹಳಿಗಳ ಮೇಲೆ 841 ಮೀಟರ್ ದೂರ ನಿಧಾನವಾಗಿ ದೂಡಿದರು. ವೇಗ ನಿಮಿಷಕ್ಕೆ ಕೆಲವೇ ಸೆಂಟಿಮೀಟರ್. ತಲುಪಲು ಸುಮಾರು ನಾಲ್ಕು ವಾರ ಹಿಡಿಯಿತು. ಚರ್ಚು ಉಳಿಯಿತು. ಆದರೆ ಅದರ ಸುತ್ತ ಇದ್ದ ಊರು ಈಗ ಇಲ್ಲ.

ನೆಲದಡಿಯ ದಾರಿ

ಸ್ಮಾರಕವನ್ನು ಕದಲಿಸದೆ ರೈಲನ್ನೇ ನೆಲದಾಳಕ್ಕೆ ಇಳಿಸುವ ದಾರಿಯೂ ಒಂದಿದೆ. ಕೋಲ್ಕತ್ತದ ಪೂರ್ವ-ಪಶ್ಚಿಮ ಮೆಟ್ರೊ ಹೂಗ್ಲಿ ನದಿಯ ತಳದಲ್ಲಿ ಹಾದು ಬರುತ್ತದೆ. ಅದರ ಸುರಂಗದ ದಾರಿಯ ಆಸುಪಾಸಿನಲ್ಲಿ ಸಂರಕ್ಷಿತ ಸ್ಮಾರಕವಾದ ಕರೆನ್ಸಿ ಬಿಲ್ಡಿಂಗ್, ಯಹೂದಿಗಳ ಎರಡು ಹಳೆಯ ಪ್ರಾರ್ಥನಾ ಮಂದಿರಗಳು ಇವೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ರಾಷ್ಟ್ರೀಯ ಮಹತ್ವದ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಹೀಗಾಗಿ ಸುರಂಗ ಕೊರೆಯುವುದಕ್ಕೆ ಪುರಾತತ್ವ ಇಲಾಖೆಯ ಒಪ್ಪಿಗೆ ಬೇಕಾಯಿತು.

ಇಂಥ ಕಡೆ ಸುರಂಗ ಕೊರೆಯುವಾಗ ಕಟ್ಟಡದ ಮೇಲೆ ಸದಾ ಒಂದು ಕಣ್ಣಿರಬೇಕು. ಗೋಡೆ ಎಷ್ಟು ವಾಲಿತು, ನೆಲ ಎಷ್ಟು ಕುಸಿಯಿತು ಎಂದು ಅಳೆಯಲು ಸೂಕ್ಷ್ಮ ಉಪಕರಣಗಳಿವೆ. ಇವೆಲ್ಲ ಬರುವ ಮೊದಲಿನಿಂದಲೂ ಬಳಕೆಯಲ್ಲಿರುವ ಸರಳ ಸಾಧನ ಗಾಜಿನ ಪಟ್ಟಿ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ತುಂಡೊಂದನ್ನು ಗಾರೆಯಿಂದ ಅಂಟಿಸುತ್ತಾರೆ. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಗಾಜು ಒಡೆದು ಸುಳಿವು ಕೊಡುತ್ತದೆ. ಎಚ್ಚರ ತಪ್ಪಿದರೆ ಏನಾಗಬಹುದೆಂಬುದಕ್ಕೂ ಅದೇ ಮೆಟ್ರೊ ಸಾಕ್ಷಿ. 2019ರ ಆಗಸ್ಟ್ ಕೊನೆಯಲ್ಲಿ ಬೌಬಜಾರಿನ ಕೆಳಗೆ ಸುರಂಗ ಯಂತ್ರ ಅಂತರ್ಜಲದ ಪದರಕ್ಕೆ ತಗುಲಿ ನೀರು ನುಗ್ಗಿತು. ಮೇಲಿನ ಹಳೆಯ ಮನೆಗಳು ಬಿರುಕು ಬಿಟ್ಟವು, ಕೆಲವು ಕುಸಿದವು, ನೂರಾರು ಜನ ಮನೆ ತೊರೆಯಬೇಕಾಯಿತು. ಹೂಗ್ಲಿಯ ಕೆಳಗಿನ ಭಾಗ 2024ರ ಮಾರ್ಚ್‌ನಲ್ಲಿ ಸಂಚಾರಕ್ಕೆ ತೆರೆಯಿತು.

ಗೆರೆ ಎಳೆಯುವ ಮೊದಲು

ಹಾಗಾದರೆ ಶ್ರೀರಂಗಪಟ್ಟಣದ ಕಥೆಯನ್ನು ಗೆಲುವು ಎನ್ನಬೇಕೇ? ಹೌದು, ಎಂಜಿನಿಯರಿಂಗಿನ ದೃಷ್ಟಿಯಿಂದ ಅದು ಗೆಲುವೇ. ಹರಪ್ಪದ ಕಾಲಕ್ಕೂ ಇಂದಿಗೂ ನಾವು ಎಷ್ಟು ದೂರ ಬಂದಿದ್ದೇವೆ ಎಂಬುದನ್ನು ಅದು ತೋರಿಸುತ್ತದೆ. ಅಂದು ಇಡೀ ನಗರವೊಂದು ಜಲ್ಲಿಯಾಯಿತು. ಇಂದು ಒಂದು ಮದ್ದಿನ ಮನೆಗಾಗಿ ರೈಲು ಕಾದು ನಿಂತಿತು.

ಆದರೆ ಸ್ಮಾರಕ ಎಂದರೆ ಬರೀ ಇಟ್ಟಿಗೆ-ಗಾರೆಯಲ್ಲ. ಅದು ಇರುವ ಜಾಗವೂ ಸ್ಮಾರಕದ ಭಾಗವೇ. ಆ ಮದ್ದಿನ ಮನೆಯನ್ನು ಅಲ್ಲೇ ಏಕೆ ಕಟ್ಟಿದರು, ಕೋಟೆ ಗೋಡೆಯಿಂದ ಎಷ್ಟು ದೂರ, ಯಾವ ಬುರುಜಿಗೆ ಅಲ್ಲಿಂದ ಮದ್ದು ಹೋಗುತ್ತಿತ್ತು ಎಂಬ ಪ್ರಶ್ನೆಗಳಿಗೆ ಉತ್ತರ ಇದ್ದದ್ದು ಅದರ ಮೂಲ ನೆಲೆಯಲ್ಲಿ. 1964ರಲ್ಲಿ ತಜ್ಞರು ವೆನಿಸ್ ನಗರದಲ್ಲಿ ಸೇರಿ ರೂಪಿಸಿದ ಸನ್ನದು ಕೂಡ ಸ್ಮಾರಕವನ್ನು ಅದರ ಪರಿಸರದಿಂದ ಬೇರ್ಪಡಿಸಬಾರದು, ಬೇರೆ ದಾರಿಯೇ ಇಲ್ಲದಾಗ ಮಾತ್ರ ಸಾಗಿಸಬೇಕು ಎನ್ನುತ್ತದೆ. ಸಾಗಣೆ ಎಂಬುದು ಶಸ್ತ್ರಚಿಕಿತ್ಸೆಯಂತೆ. ಜೀವ ಉಳಿಸಲು ಬೇಕು, ಆದರೆ ಆರೋಗ್ಯ ಕಾಪಾಡಿಕೊಳ್ಳುವ ಕ್ರಮ ಅದಲ್ಲ.

ಖರ್ಚಿನ ಮಾತೂ ಇದೆ. ಒಂದು ಕಟ್ಟಡಕ್ಕೆ ಹದಿಮೂರು ಕೋಟಿ. ನಾಡಿನ ತುಂಬ ಹರಡಿರುವ ಹಳೆಯ ಕೋಟೆ, ಕಲ್ಯಾಣಿ, ವೀರಗಲ್ಲು, ಮಂಟಪಗಳಿಗೆಲ್ಲ ಅಷ್ಟು ಹಣ ಬರುವುದುಂಟೇ? ಹೊಸ ಹಳಿ, ಹೊಸ ಹೆದ್ದಾರಿಗಳು ಬರುತ್ತಲೇ ಇರುತ್ತವೆ, ಬರಲೂಬೇಕು. ಅದಕ್ಕೆ ಅಗ್ಗದ ಪರಿಹಾರ ಒಂದೇ. ನಕ್ಷೆಯ ಮೇಲೆ ಮೊದಲ ಪೆನ್ಸಿಲ್ ಗೆರೆ ಎಳೆಯುವ ಮೊದಲೇ ಸ್ಮಾರಕಗಳು ಆ ನಕ್ಷೆಯಲ್ಲಿ ಇರಬೇಕು. ಗೆರೆ ಕಾಗದದ ಮೇಲೆ ಇರುವಾಗ ಅದನ್ನು ಬಾಗಿಸಲು ಒಂದು ರಬ್ಬರ್ ಸಾಕು. ಎರಡು ಸೇತುವೆ ಕಟ್ಟಿದ ಮೇಲೆ ಸಾವಿರ ಟನ್ನಿನ ಕಟ್ಟಡವನ್ನು ಎತ್ತಬೇಕಾಗುತ್ತದೆ. 1882ರ ಗೆರೆಯ ಬೆಲೆಯನ್ನು 2017ರಲ್ಲಿ ತೆತ್ತಿದ್ದೇವೆ. ಇಂದು ಎಳೆಯುವ ಗೆರೆಯ ಬೆಲೆಯನ್ನು ಇಂದಿನ ಮಕ್ಕಳು ತೆರಬೇಕಾಗುತ್ತದೆ.

ಎಂಜಿನಿಯರಾಗಬೇಕೆಂದು ಕನಸು ಕಾಣುವ ಮಕ್ಕಳು ಇತಿಹಾಸದ ಪಾಠವನ್ನು ‘ಅಂಕಕ್ಕಾಗಿ ಓದುವ ವಿಷಯ’ ಎಂದು ಬದಿಗಿಡುವುದುಂಟು. ಪೋಷಕರೂ ಅದಕ್ಕೆ ತಲೆದೂಗುವುದುಂಟು. ಆದರೆ ಹಳಿ ಹಾಕುವವನಿಗೆ ಹರಪ್ಪ ಗೊತ್ತಿರದಿದ್ದರೆ ಅವನು ಇಟ್ಟಿಗೆಯಲ್ಲಿ ಜಲ್ಲಿಯನ್ನು ಮಾತ್ರ ಕಾಣುತ್ತಾನೆ. ಇತಿಹಾಸ ಓದಿದವನಿಗೆ ಪಾಸ್ಕಲನ ನಿಯಮ ಗೊತ್ತಿರದಿದ್ದರೆ ಅವನು ಸ್ಮಾರಕವನ್ನು ಉಳಿಸಿ ಎಂದು ಕೇಳಬಲ್ಲ, ಹೇಗೆ ಎಂದು ಹೇಳಲಾರ. ಮದ್ದಿನ ಮನೆ ಉಳಿದದ್ದು ಎರಡೂ ತಿಳಿವಳಿಕೆ ಒಂದೆಡೆ ಸೇರಿದ್ದರಿಂದ.

ಮುಂದಿನ ರಜೆಯಲ್ಲಿ ಮೈಸೂರಿಗೆ ರೈಲಿನಲ್ಲಿ ಹೋಗುವವರು ಶ್ರೀರಂಗಪಟ್ಟಣದಲ್ಲಿ ಇಳಿದು ನೋಡಬಹುದು. ಮಕ್ಕಳ ಕೈಗೆ ಒಂದು ಟೇಪು, ಒಂದು ನೋಟ್‌ಬುಕ್ ಕೊಟ್ಟರೆ ಇನ್ನೂ ಒಳ್ಳೆಯದು. ಜಾಗ ಬದಲಿಸಿದ ಮದ್ದಿನ ಮನೆಯನ್ನೂ, ಜಾಗ ಬದಲಿಸದೆ ಉಳಿದ ಮದ್ದಿನ ಮನೆಯೊಂದನ್ನೂ ಹೊರಗಿನಿಂದ ನೋಡಿ ಅವುಗಳ ಚಿತ್ರ ಬರೆಯಲಿ. ಗೋಡೆಯ ಮೇಲೆ ಹೆಸರು ಕೆತ್ತದಿರಲಿ. ಕಮಾನಿನ ಇಟ್ಟಿಗೆ ಒಂದನ್ನೊಂದು ಹೇಗೆ ಹಿಡಿದುಕೊಂಡಿದೆ ಎಂದು ಗಮನಿಸಲಿ. ಆ ಹೊತ್ತಿಗೆ ಪಕ್ಕದ ಜೋಡಿ ಹಳಿಯಲ್ಲಿ ಎರಡು ಗಾಡಿಗಳು ಎದುರುಬದುರಾಗಿ ಹಾದುಹೋದರೂ ಹೋಗಬಹುದು, ಯಾವುದೂ ಯಾವುದಕ್ಕೂ ಕಾಯದೆ.